ಕರಾವಳಿ ರೈಲು ಹತ್ತುವ ಮೊದಲು

ಕೊಂಕಣ ರೈಲು ಹತ್ತಿದ ಕೂಡಲೇ ಕಡಲು ಕಾಣುತ್ತದೆ ಅಂತ ತಿಳಿಯಬೇಡಿ. ದಾರಿಯ ಹೆಚ್ಚಿನ ಭಾಗ ಕಡಲಿಂದ ಒಳಗೆ, ತೋಟ, ಗದ್ದೆ, ಗುಡ್ಡಗಳ ನಡುವೆ ಇದೆ. ನೋಡಬೇಕಾದ್ದು ನದಿಗಳನ್ನು. ಘಟ್ಟ ಇಳಿದ ನದಿ ಸಮುದ್ರ ಸೇರುವ ಮೊದಲು ಎಷ್ಟು ಅಗಲ ಆಗುತ್ತದೆ ಎಂಬುದು ಸೇತುವೆ ಮೇಲಿಂದ ಚೆನ್ನಾಗಿ ತಿಳಿಯುತ್ತದೆ.

ಈ ಮಾರ್ಗ ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿ.ಮೀ. ಇದೆ. 1998ರ ಜನವರಿ 26ರಂದು ಪೂರ್ತಿ ತೆರೆಯಿತು. ನಮ್ಮೂರು ಘಟ್ಟದ ಬುಡದಲ್ಲಿರುವುದರಿಂದ ನಾವು ಬಸ್ಸಿನಲ್ಲಿ ಕುಂದಾಪುರಕ್ಕೆ ಹೋಗಿ ರೈಲು ಹಿಡಿಯಬೇಕು.

ನಮ್ಮ ಅಜ್ಜಿ ಇದುವರೆಗೆ ರೈಲು ಹತ್ತಿಲ್ಲ. ಅವಳಿಗೆ ಮಂಡಿ ನೋವು, ವರ್ಷ ವರ್ಷ ಜಾಸ್ತಿಯಾಗುತ್ತಿದೆ. "ಕಾಲ್ ಗಟ್ಟಿ ಇಪ್ಪತಿಗೇ ಒಂದ್ಸಲ ಹೋಯ್ಕ್ ಮಗಾ" ಅನ್ನುತ್ತಾಳೆ. ಎರಡನೇ ಸಲ ಕರೆದುಕೊಂಡು ಹೋಗಲು ಆಗಲಿಕ್ಕಿಲ್ಲ. ಅದಕ್ಕೇ ನಾನು ಎಲ್ಲ ವಿಚಾರಿಸಿ ಬರೆದಿಟ್ಟಿದ್ದೇನೆ.

ಮೊದಲನೆಯದಾಗಿ, ರಾತ್ರಿ ರೈಲು ಬೇಡ. ಅದರಲ್ಲಿ ಹೋದವರು ನಿದ್ದೆ ಮಾಡಿ ಬಂದಿದ್ದಾರೆ, ಅಷ್ಟೆ. ಬೆಳಿಗ್ಗೆ ಹೋಗುವುದು ಒಳ್ಳೆಯದು. ಉತ್ತರಕ್ಕೆ ಹೋಗುವಾಗ ಕಡಲು ಇರುವುದು ಎಡಗಡೆ. ಬೆಳಿಗ್ಗೆ ಸೂರ್ಯ ಬಲಗಡೆ ಇರುವುದರಿಂದ ಎಡಗಡೆ ನೋಡಿದರೆ ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ. ಮಧ್ಯಾಹ್ನದ ಮೇಲೆ ಇದು ಉಲ್ಟಾ. ಅಜ್ಜಿಯ ಕಣ್ಣಿಗೆ ಬಿಸಿಲು ಆಗುವುದಿಲ್ಲ.

ಮಂಕಿ ಸ್ಟೇಶನ್ ಬಿಟ್ಟ ಮೇಲೆ ಮಾತು ನಿಲ್ಲಿಸಿ ಹೊರಗೆ ನೋಡಬೇಕು. ಹೊನ್ನಾವರದ ಶರಾವತಿ ಸೇತುವೆ ಬರುತ್ತದೆ. ಜೋಗದಲ್ಲಿ ಬೀಳುತ್ತದಲ್ಲ, ಅದೇ ಶರಾವತಿ! ಸೇತುವೆ 2 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಕೊಂಕಣ ರೈಲು ಮಾರ್ಗದಲ್ಲೇ ಉದ್ದದ್ದು. ನಾನು ಲೆಕ್ಕ ಮಾಡಿದೆ: ರೈಲು ಗಂಟೆಗೆ 60 ಕಿ.ಮೀ. ಓಡಿದರೆ ದಾಟಲು 2 ನಿಮಿಷ. ಆ ಹೊತ್ತಿಗೆ ಬುತ್ತಿ ಬಿಚ್ಚಿ ಕೂತರೆ ಹೋಯಿತು. ಆಮೇಲೆ ಕುಮಟಾ ದಾಟಿ ಅಘನಾಶಿನಿ, ಅಂಕೋಲಾಕ್ಕೆ ಮೊದಲು ಗಂಗಾವಳಿ. ಕಾರವಾರಕ್ಕೆ ಮುಂಚೆ ಉದ್ದದ ಸುರಂಗ ಇದೆ. ಒಮ್ಮೆಲೇ ಕತ್ತಲಾಗುತ್ತದೆ ಅಂತ ಅಜ್ಜಿಗೆ ಮೊದಲೇ ಹೇಳಿಡಬೇಕು.

ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಕಾಳಿ ನದಿ ಸೇತುವೆ ಇರುವುದು ಕಾರವಾರ ಸ್ಟೇಶನ್ ಕಳೆದ ಮೇಲೆ. ಅದನ್ನು ನೋಡಬೇಕಾದರೆ ಅಸ್ನೋಟಿಗಾದರೂ ಟಿಕೇಟು ತೆಗೆಯಬೇಕು. ನಾವು ಕಾರವಾರದಲ್ಲೇ ಇಳಿಯುತ್ತೇವೆ. ಅಲ್ಲಿಂದ ಕಡಲತೀರಕ್ಕೆ ರಿಕ್ಷಾ ಮಾಡಬೇಕು, ಸ್ಟೇಶನ್ ಊರಿಂದ ದೂರ. ಕಾಳಿ ನದಿಯನ್ನು ಬಿಟ್ಟದ್ದು ನನಗೆ ಬೇಸರವೇ, ಆದರೆ ಅಜ್ಜಿಗೆ ಹೆಚ್ಚು ಹೊತ್ತು ಕೂರಲು ಆಗದು.

ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯದಿಂದ ರೈಲನ್ನು ನಿಧಾನ ಓಡಿಸುತ್ತಾರೆ, ವೇಳಾಪಟ್ಟಿಯೂ ಬೇರೆ. ಆದ್ದರಿಂದ ದೀಪಾವಳಿ ಕಳೆದ ಮೇಲೆ ಒಂದು ಆದಿತ್ಯವಾರ ಎಂದು ಅಪ್ಪ ಒಪ್ಪಿದ್ದಾರೆ. ಮಂಗಳೂರು–ಮಡಗಾಂವ್ ಪ್ಯಾಸೆಂಜರಿಗೆ ರಿಸರ್ವೇಶನ್ ಬೇಡ. 5 ವರ್ಷ ತುಂಬಿ 12 ಆಗದವರಿಗೆ ಅರ್ಧ ಟಿಕೇಟು, ಅಂದರೆ ತಮ್ಮನಿಗೆ. ನನಗೆ ಪೂರ್ತಿ. ಹಿರಿಯರ ರಿಯಾಯಿತಿ 2020ರಲ್ಲಿ ನಿಂತಿತು, ಹಾಗಾಗಿ ಅಜ್ಜಿಗೂ ಪೂರ್ತಿ ದುಡ್ಡು ತೆಗೆದಿಟ್ಟಿದ್ದೇವೆ. ಸಣ್ಣ ಸ್ಟೇಶನ್ನುಗಳಲ್ಲಿ ರೈಲು ಒಂದೆರಡು ನಿಮಿಷ ಮಾತ್ರ ನಿಲ್ಲುವುದು. ಅಜ್ಜಿಯನ್ನು ಅಪ್ಪ ಮೊದಲು ಹತ್ತಿಸುತ್ತಾರೆ, ಚೀಲ ನನ್ನ ಕೈಯಲ್ಲಿ.

ದೀಪಾವಳಿ ಹೊತ್ತಿಗೆ ಯಾರಾದರೂ ಕುಂದಾಪುರ ಸ್ಟೇಶನ್ನಿಗೆ ಹೋದರೆ, ಹೋಗುವ ಮತ್ತು ಬರುವ ಪ್ಯಾಸೆಂಜರ್ ಸಮಯವನ್ನು ಬರೆದುಕೊಂಡು ಬಂದು ನನಗೆ ಕೊಡಿ. ಸಂಜೆಯೊಳಗೆ ಅಜ್ಜಿಯನ್ನು ಮನೆ ಮುಟ್ಟಿಸಬೇಕು.