ಬೇಸ್ ಗಿಟಾರ್ ಕೊಳ್ಳುವ ಮುನ್ನ ಕಿವಿಗೊಡಿ

ಸಿನಿಮಾ ಹಾಡು ಕೇಳುವಾಗ ಗಾಯಕರ ದನಿ, ಪಿಟೀಲು, ಕೊಳಲು ಥಟ್ಟನೆ ಗುರುತು ಸಿಗುತ್ತವೆ. ಅವುಗಳ ಅಡಿಯಲ್ಲಿ ‘ದುಂ ದುಂ’ ಎಂದು ಹೆಜ್ಜೆಯಿಡುವ ಮಂದ್ರದ ದನಿಯೊಂದು ಇರುತ್ತದಲ್ಲ, ಅದು ಹೆಚ್ಚಾಗಿ ಬೇಸ್ ಗಿಟಾರ್‌ನದು. ಮನೆಗೆ ತಳಪಾಯವಿದ್ದಂತೆ ಹಾಡಿಗೆ ಅದು.

‘ನನಗೂ ಒಂದು ಬೇಸ್ ಬೇಕು, ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಬೇಕು’ ಎಂದು ಮೊಮ್ಮಗಳು ಹಟ ಹಿಡಿದರೆ ಅಜ್ಜ-ಅಜ್ಜಿಯರಿಗೆ ಚಿಂತೆ. ಮಧ್ಯಮ ಬೆಲೆಯದು ಸಾಕೇ? ಕೂಡಿಟ್ಟ ಹಣ ನೀರಿನಲ್ಲಿ ಹೋಮ ಮಾಡಿದಂತಾದರೆ?

ಮೊದಲು ಒಂದಿಷ್ಟು ಹಿನ್ನೆಲೆ. ಹಿಂದೆ ಮಂದ್ರ ನುಡಿಸಲು ಆಳೆತ್ತರದ ಡಬಲ್ ಬೇಸ್ ಬೇಕಿತ್ತು. ಅದಕ್ಕೆ ಮೆಟ್ಟುಗಳಿಲ್ಲ, ಸ್ವರದ ಜಾಗವನ್ನು ಬೆರಳೇ ಹುಡುಕಬೇಕು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್, ನಮ್ಮ ವೀಣೆಗಿರುವಂತೆ ಮೆಟ್ಟುಗಳಿರುವ ‘ಪ್ರಿಸಿಷನ್ ಬೇಸ್’ ತಂದರು. ಪ್ರಿಸಿಷನ್ ಎಂದರೆ ನಿಖರತೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಇಂಥದ್ದೇ ಬೇಸ್ ಹಿಡಿದು, ಬಹುಪಾಲು ತೋರುಬೆರಳೊಂದರಿಂದಲೇ ಮೀಟಿ, 1960ರ ದಶಕದ ಎಷ್ಟೋ ಜನಪ್ರಿಯ ಹಾಡುಗಳಿಗೆ ಜೀವ ತುಂಬಿದರು. ಅದೇ ಮಾದರಿಯನ್ನು ಫೆಂಡರ್ ಕಂಪನಿಯೇ ಇಂದು ‘ಸ್ಕ್ವಾಯರ್’ ಹೆಸರಿನಲ್ಲಿ ಕಡಿಮೆ ಬೆಲೆಗೂ ಮಾರುತ್ತದೆ.

ಹಾಗಾದರೆ ಅಂಗಡಿಯಲ್ಲಿ ಏನು ನೋಡಬೇಕು? ಬಣ್ಣವನ್ನಲ್ಲ.

ಮೊದಲನೆಯದು ಶ್ರುತಿ. ತಂತಿಯನ್ನು ಹಾಗೇ ಮೀಟಿ, ಆಮೇಲೆ 12ನೇ ಮೆಟ್ಟಿನಲ್ಲಿ ಒತ್ತಿ ಮೀಟಿ. ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳಬೇಕು. ಅಲ್ಪಸ್ವಲ್ಪ ವ್ಯತ್ಯಾಸವನ್ನು ತಂತಿಯ ಬುಡದ ತಿರುಪಿನಿಂದ ಸರಿಪಡಿಸಬಹುದು. ಕತ್ತಿನ ಮರವೇ ತಿರುಚಿದ್ದರೆ ಕೊಳ್ಳಬೇಡಿ.

ಎರಡನೆಯದು ಸಮತೋಲ. ನಾಲ್ಕೂ ತಂತಿಗಳ ಎಲ್ಲ ಮೆಟ್ಟುಗಳಲ್ಲೂ ಒಂದೇ ಬಲದಿಂದ ಮೀಟಿ. ಒಂದು ಸ್ವರ ಮಂಕಾಗಿ, ಇನ್ನೊಂದು ಅಬ್ಬರಿಸಿ, ಮತ್ತೊಂದು ಗರಗರ ಎಂದರೆ ವೇದಿಕೆಯ ಗದ್ದಲದಲ್ಲಿ ಮುಚ್ಚಿಹೋದೀತು. ರೆಕಾರ್ಡಿಂಗ್‌ನಲ್ಲಿ ಎದ್ದು ಕೇಳುತ್ತದೆ.

ಮೂರನೆಯದು ಮೌನ. ತಂತಿಗಳ ಕೆಳಗೆ ಸಣ್ಣ ತಾಮ್ರದ ತಂತಿ ಸುತ್ತಿದ ಅಯಸ್ಕಾಂತಗಳಿವೆ. ಲೋಹದ ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವುದು ಅವುಗಳ ಕೆಲಸ. ಜೊತೆಗೆ ಸುತ್ತಲಿನ ಕರೆಂಟಿನ ‘ಗುಂಯ್’ ಸದ್ದನ್ನೂ ಹಿಡಿದುಬಿಡಬಹುದು. ವಾಲ್ಯೂಮ್ ಏರಿಸಿ, ಏನೂ ನುಡಿಸದೆ ಆಲಿಸಿ.

ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರ ಮೊಬೈಲಿನ ಪುಟ್ಟ ಸ್ಪೀಕರಿಗೆ ದಕ್ಕದು, ಹೆಡ್‌ಫೋನ್ ಬೇಕು. ಸಾಮಾನ್ಯ ಬೇಸ್‌ನ ತಂತಿಯ ಅಳತೆ 34 ಇಂಚು. ಪುಟ್ಟ ಕೈಗಳಿಗೆ 30 ಇಂಚಿನವೂ ಇವೆ.

ಮಕ್ಕಳೇ, ಕೊನೆಗೊಂದು ಆಟ. ಬೆಲೆ ಬೇರೆ ಬೇರೆಯಿರುವ ಎರಡು ಗಿಟಾರ್‌ಗಳಲ್ಲಿ ಒಂದೇ ಸಾಲನ್ನು ನುಡಿಸಿ ರೆಕಾರ್ಡ್ ಮಾಡಿ. ಯಾವುದು ಯಾವುದೆಂದು ಹೇಳದೆ ಅಜ್ಜಿಗೆ ಕೇಳಿಸಿ. ತಂಬೂರಿಯ ಶ್ರುತಿಗೆ ಪಳಗಿದ ಕಿವಿ ಬೆಲೆಚೀಟಿ ನೋಡುವುದಿಲ್ಲ. ಅಜ್ಜಿಗೆ ಎರಡೂ ಒಂದೇ ಎನ್ನಿಸಿದರೆ ಅಗ್ಗದ್ದನ್ನೇ ಕೊಳ್ಳಿ. ಉಳಿದ ಹಣ ಪಾಠದ ಫೀಜಿಗೆ ಆದೀತು.