ಗುರುವಾರದ ಸಭೆ

ನಮ್ಮ ಊರಿನಲ್ಲಿ ಗುರುವಾರಕ್ಕೆ ಎರಡು ಕಾರಣಗಳಿಂದ ಮಹತ್ವ ಬಂದಿದೆ. ಮೊದಲನೆಯದು ಸಂತೆ, ಎರಡನೆಯದು ನಮ್ಮ ರೋಟರಿ ಸಂಘದ ವಾರದ ಸಭೆ. ಸಂತೆ ಬೆಳಗ್ಗೆ ನೆರೆದು ಸಂಜೆಗೆ ಕರಗುತ್ತದೆ. ಸಭೆ ಸಂಜೆ ಆರೂವರೆಗೆ ನೆರೆದು ಎಂಟು ಗಂಟೆಗೆ ಕರಗುತ್ತದೆ. ಸಂತೆಗೆ ಬಂದವರು ಏನನ್ನಾದರೂ ಮಾರಿ, ಏನನ್ನಾದರೂ ಕೊಂಡು ಹೋಗುತ್ತಾರೆ. ಸಭೆಗೆ ಹೋದವರು ಏನನ್ನು ಕೊಟ್ಟು ಏನನ್ನು ತರುತ್ತಾರೆ ಎಂಬ ಪ್ರಶ್ನೆಯನ್ನು ನನ್ನ ಹೆಂಡತಿ ಮೂವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದಾಳೆ. ಆಕೆಗೆ ಸಮಾಧಾನವಾಗುವಂಥ ಉತ್ತರವನ್ನು ನಾನು ಇದುವರೆಗೆ ಕೊಟ್ಟಿಲ್ಲ. ಈ ಲೇಖನವನ್ನು ಅಂಥ ಉತ್ತರಕ್ಕೆ ಒಂದು ಪ್ರಯತ್ನವೆಂದು ವಾಚಕರು ಭಾವಿಸಬಹುದು.

ನಾನು ಪ್ರೌಢಶಾಲೆಯ ಉಪಾಧ್ಯಾಯನಾಗಿ ಈ ತಾಲ್ಲೂಕು ಕೇಂದ್ರಕ್ಕೆ ಬಂದವನು. ಸಂಘವನ್ನು ಸೇರಿದುದು 1987ರಲ್ಲಿ. ಒಂದೊಂದು ವೃತ್ತಿಯಿಂದ ಒಬ್ಬೊಬ್ಬರನ್ನು ಆರಿಸಿಕೊಳ್ಳುವುದು ರೋಟರಿಯ ಹಳೆಯ ಪದ್ಧತಿ. ಅದರಂತೆ ನಮ್ಮಲ್ಲಿ ಅಡಕೆ ಮಂಡಿಯವರೊಬ್ಬರು, ಅಕ್ಕಿ ಗಿರಣಿಯವರೊಬ್ಬರು, ವೈದ್ಯರೊಬ್ಬರು, ವಕೀಲರೊಬ್ಬರು, ಜವಳಿ ಅಂಗಡಿಯವರೊಬ್ಬರು, ಸೈಕಲ್ ಅಂಗಡಿಯವರೊಬ್ಬರು, ಹೀಗೆ ಇಪ್ಪತ್ತಮೂರು ಮಂದಿ ಇದ್ದರು. ಉಪಾಧ್ಯಾಯರ ಸ್ಥಾನ ತೆರವಾಗಿತ್ತು. ಅದನ್ನು ತುಂಬಲು ನನ್ನನ್ನು ಕರೆದರು. ನನ್ನ ಯೋಗ್ಯತೆಯೇನೆಂದು ನಾನು ವಿನಯದಿಂದ ಕೇಳಿದಾಗ ಅಧ್ಯಕ್ಷರು, "ನಿಮ್ಮ ಅಕ್ಷರ ದುಂಡಗಿದೆ" ಎಂದರು. ಆ ಮಾತಿನ ಅರ್ಥ ಮುಂದಿನ ಜುಲೈ ತಿಂಗಳಲ್ಲಿ ತಿಳಿಯಿತು. ರೋಟರಿಯ ವರ್ಷ ಮೊದಲಾಗುವುದು ಜುಲೈ 1ರಂದು. ಅಂದು ಪದಾಧಿಕಾರಿಗಳೆಲ್ಲರೂ ಬದಲಾಗುತ್ತಾರೆ. ನನಗೆ ಸಂಘದ ವಾರಪತ್ರಿಕೆಯ ಸಂಪಾದಕತ್ವ ಬಂದಿತು. ವಾರಪತ್ರಿಕೆಯೆಂದರೆ ಎರಡು ಪುಟಗಳ ಒಂದು ಸೈಕ್ಲೋಸ್ಟೈಲ್ ಹಾಳೆ. ಹಿಂದಿನ ಗುರುವಾರ ನಡೆದುದನ್ನು ಈ ಗುರುವಾರ ಹಂಚುವುದು. ಈ ಗುರುವಾರ ನಡೆದುದನ್ನು ಮುಂದಿನ ಗುರುವಾರಕ್ಕೆ ಬರೆಯುವುದು. ಅಧ್ಯಕ್ಷರು ವರ್ಷಕ್ಕೊಬ್ಬರಂತೆ ಬದಲಾದರು. ಸಂಪಾದಕ ಮಾತ್ರ ಬದಲಾಗಲಿಲ್ಲ.

ಸಭೆಯ ಕ್ರಮವನ್ನು ಕಾಣದವರಿಗಾಗಿ ಅದನ್ನು ಸ್ವಲ್ಪ ವಿವರಿಸಬೇಕು. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಪ್ರಾರ್ಥನೆಯಾಗುತ್ತದೆ. ಬಳಿಕ ನಾಲ್ಕು ಪ್ರಶ್ನೆಗಳ ಪರೀಕ್ಷೆಯನ್ನು ಎಲ್ಲರೂ ಎದ್ದು ನಿಂತು ಪಠಿಸುತ್ತೇವೆ. ನಾವು ಯೋಚಿಸುವ, ಆಡುವ, ಮಾಡುವ ಯಾವುದೇ ವಿಷಯ ಸತ್ಯವಾಗಿದೆಯೆ, ಸಂಬಂಧಪಟ್ಟವರೆಲ್ಲರಿಗೂ ನ್ಯಾಯವಾಗಿದೆಯೆ, ಸ್ನೇಹವನ್ನು ಬೆಳೆಸುತ್ತದೆಯೆ, ಎಲ್ಲರಿಗೂ ಹಿತವೆ ಎಂಬುದು ಅದರ ಸಾರಾಂಶ. ಇದನ್ನು 1932ರಲ್ಲಿ ರಚಿಸಿದವನು ಷಿಕಾಗೋ ನಗರದ ಹರ್ಬರ್ಟ್ ಟೇಲರ್ ಎಂಬ ವ್ಯಾಪಾರಿ. ದಿವಾಳಿಯ ಅಂಚಿನಲ್ಲಿದ್ದ ಅಲ್ಯೂಮಿನಿಯಂ ಪಾತ್ರೆಗಳ ಕಂಪೆನಿಯೊಂದನ್ನು ಮೇಲೆತ್ತಲು ಹೊರಟಾಗ ತನ್ನ ನೌಕರರಿಗಾಗಿ ಬರೆದುದು. ಪಠನ ಮುಗಿದ ಕೂಡಲೆ ಸಾರ್ಜೆಂಟರು ಡಬ್ಬಿ ಹಿಡಿದು ಏಳುತ್ತಾರೆ. ತಡವಾಗಿ ಬಂದವರಿಗೆ ದಂಡ. ಪತ್ರಿಕೆಯಲ್ಲಿ ಭಾವಚಿತ್ರ ಬಂದವರಿಗೆ ದಂಡ. ಮನೆಯಲ್ಲಿ ಮಗು ಹುಟ್ಟಿದ ಸಂತೋಷಕ್ಕೂ ದಂಡ. ಅನಂತರ ಅತಿಥಿಯ ಭಾಷಣ. ಜೇನು ಸಾಕಣೆ, ರಕ್ತದ ಒತ್ತಡ, ಆದಾಯ ತೆರಿಗೆ, ಭಗವದ್ಗೀತೆ ಇವು ನಾಲ್ಕೂ ಒಂದೇ ತಿಂಗಳಲ್ಲಿ ಬಂದುದುಂಟು. ಕೊನೆಗೆ ವಂದನಾರ್ಪಣೆ, ಉಪ್ಪಿಟ್ಟು, ಕಾಫಿ.

ಹೀಗೆ ವಾರವಾರವೂ ಕೂಡುವ ರೂಢಿ ಬಹಳ ಹಳೆಯದು. 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರು ಗೆಳೆಯರೊಡನೆ ಕುಳಿತು ಈ ಸಂಘವನ್ನು ಆರಂಭಿಸಿದ. ಆತ ಸಣ್ಣ ಊರಿನಲ್ಲಿ ಬೆಳೆದವನು; ದೊಡ್ಡ ನಗರದಲ್ಲಿ ನೆರೆಯವರ ಗುರುತೇ ಇಲ್ಲದೆ ಬೇಸತ್ತವನು. ಮೊದಮೊದಲು ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದರು; ಆ ಸುತ್ತುವಿಕೆಯಿಂದಲೇ ರೋಟರಿ ಎಂಬ ಹೆಸರು ಬಂದಿತು. ಗೆಳೆತನಕ್ಕೂ ಪರಸ್ಪರ ವ್ಯಾಪಾರಕ್ಕೂ ಕೂಡಿದವರಿಗೆ ಸೇವೆಯ ಹಂಬಲ ಹುಟ್ಟಿದುದು ಸ್ವಲ್ಪ ತಡವಾಗಿ. ಅವರು ಮೊಟ್ಟಮೊದಲು ಕೈಗೊಂಡ ಲೋಕೋಪಕಾರವಾವುದೆಂದರೆ ಷಿಕಾಗೋ ನಗರದಲ್ಲಿ ಒಂದು ಸಾರ್ವಜನಿಕ ಶೌಚಾಲಯವನ್ನು ಕಟ್ಟಿಸಿದುದು! ನಮ್ಮ ಬಸ್ ನಿಲ್ದಾಣದಲ್ಲಿ ಅಂಥದೊಂದನ್ನು ಕಟ್ಟಿಸಬೇಕೆಂದು ನಾವು ಹಣ ಕೂಡಿಸುತ್ತಿದ್ದಾಗ ಕೆಲವು ಸದಸ್ಯರು ಸಂಕೋಚಪಟ್ಟರು. ಆಗ ಈ ಇತಿಹಾಸವನ್ನು ವಾರಪತ್ರಿಕೆಯಲ್ಲಿ ಬರೆದೆ, ಸಂಕೋಚ ಪರಿಹಾರವಾಯಿತು. ಭಾರತದ ಮೊದಲ ರೋಟರಿ ಸಂಘ ಕಲ್ಕತ್ತೆಯಲ್ಲಿ 1919ರಲ್ಲಿ ಹುಟ್ಟಿತು, ಬೆಂಗಳೂರಿನದು 1934ರಲ್ಲಿ. ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಜಗತ್ತಿನ ಎಲ್ಲ ಸಂಘಗಳಿಗೂ ಅನುಮತಿ ದೊರೆತುದು 1989ರಲ್ಲಿ. ಅದಕ್ಕೆ ಮೊದಲು ಸದಸ್ಯರ ಪತ್ನಿಯರನ್ನು 'ಆನ್' ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ನನ್ನ ಹೆಂಡತಿಗೆ ಸಭೆಯ ಮೇಲಿದ್ದ ಅಸಮಾಧಾನಕ್ಕೆ ಇದೂ ಒಂದು ಕಾರಣ. "ನನಗೆ ತಂದೆತಾಯಿ ಇಟ್ಟ ಹೆಸರಿದೆ" ಎಂದು ಆಕೆ ಸಂಘದ ವಾರ್ಷಿಕೋತ್ಸವಕ್ಕೆ ಬರಲೊಪ್ಪಲಿಲ್ಲ.

ಇನ್ನು ನನ್ನ ವಾರಪತ್ರಿಕೆಯ ವಿಚಾರ. ಅದರ ಭಾಷೆಗೆ ಬೇಗನೆ ಒಂದು ಅಚ್ಚು ಸಿದ್ಧವಾಯಿತು. ಭಾಷಣಗಳೆಲ್ಲವೂ 'ವಿದ್ವತ್ಪೂರ್ಣ', ಹಾಜರಿ 'ತೃಪ್ತಿಕರ', ಕಾರ್ಯಕ್ರಮಗಳೆಲ್ಲವೂ 'ಯಶಸ್ವಿ'. ಮಳೆಯಿಂದಾಗಿ ಏಳೇ ಜನ ಬಂದಿದ್ದ ಸಭೆಯೂ 'ಆತ್ಮೀಯ'ವಾಗಿತ್ತು. ಸುಳ್ಳು ಬರೆಯಬೇಕೆಂಬ ಉದ್ದೇಶ ನನಗಿರಲಿಲ್ಲ. ಒಳ್ಳೆಯ ಕೆಲಸ ಮಾಡುವವರನ್ನು ಎರಡು ಒಳ್ಳೆಯ ಮಾತಿನಿಂದ ಹುರಿದುಂಬಿಸುವುದರಲ್ಲಿ ತಪ್ಪೇನೆಂದು ಭಾವಿಸಿದ್ದೆ. ಹೀಗೆ ಹನ್ನೊಂದು ವರ್ಷ ಸುಖವಾಗಿ ನಡೆಯಿತು.

ಪೋಲಿಯೊ ರೋಗದ ವಿರುದ್ಧ ರೋಟರಿ ನಡೆಸಿದ ಹೋರಾಟ ಬಹುಮಂದಿಗೆ ತಿಳಿದಿದೆ. 1979ರಲ್ಲಿ ಫಿಲಿಪ್ಪೀನ್ಸ್ ದೇಶದಲ್ಲಿ ಮೊದಲಾದ ಈ ಕಾರ್ಯವನ್ನು 1985ರಲ್ಲಿ ಇಡೀ ಜಗತ್ತಿಗೆ ವಿಸ್ತರಿಸಲಾಯಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇತರ ಸಂಸ್ಥೆಗಳೂ ಕೈಜೋಡಿಸಿದಾಗ ವರ್ಷಕ್ಕೆ ಸುಮಾರು 3,50,000 ಮಕ್ಕಳು ಈ ರೋಗದಿಂದ ಅಂಗವಿಕಲರಾಗುತ್ತಿದ್ದರು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮ ಮೊದಲಾದುದು 1995ರಲ್ಲಿ. ಅದರ ಮೂರನೆಯದೋ ನಾಲ್ಕನೆಯದೋ ವರ್ಷ ನಮ್ಮ ಸಂಘ ಊರಿನ ಮೂರು ಕೇಂದ್ರಗಳ ಹೊಣೆಯನ್ನು ವಹಿಸಿಕೊಂಡಿತು. ಆರೋಗ್ಯ ಸಹಾಯಕಿಯರು ಹನಿ ಹಾಕುವುದು. ನಾವು ಶಾಮಿಯಾನ, ಧ್ವನಿವರ್ಧಕ, ಕುಡಿಯುವ ನೀರು, ಅವರಿಗೆ ಊಟ, ಲಸಿಕೆಯ ಪೆಟ್ಟಿಗೆಗೆ ಮಂಜುಗಡ್ಡೆ ಒದಗಿಸುವುದು. ತಾಯಂದಿರು ಸಾಲಾಗಿ ಬಂದರು. ಎರಡು ಹನಿ ಬಾಯಿಗೆ ಬಿದ್ದ ಮಗುವಿನ ಕಿರುಬೆರಳಿಗೆ ಶಾಯಿಯ ಗುರುತು ಹಾಕಿ ಕಳುಹಿಸಲಾಯಿತು. ಸಂಜೆಗೆ ಪಟ್ಟಿಯನ್ನು ಲೆಕ್ಕ ಹಾಕಿದೆವು. ಪಟ್ಟಿಯಲ್ಲಿದ್ದ ಮಕ್ಕಳೆಲ್ಲರೂ ಬಂದಿದ್ದರು. ನಾನು ವಾರಪತ್ರಿಕೆಯಲ್ಲಿ, "ನಮ್ಮ ಊರಿನಲ್ಲಿ ಒಂದು ಮಗುವೂ ಬಿಟ್ಟುಹೋಗಲಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದೆ.

ಗುರುವಾರ ಹಾಳೆಯನ್ನು ಹಂಚಿದ ಮೇಲೆ ಸೈಕಲ್ ಅಂಗಡಿಯವರು ಎದ್ದು ನಿಂತರು. ಅವರು ಸಭೆಯಲ್ಲಿ ಮಾತನಾಡಿದುದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. "ಕೆರೆಯಾಚೆಯ ಇಟ್ಟಿಗೆ ಗೂಡಿನವರ ಮಕ್ಕಳು ಬಂದಿದ್ದರೆ?" ಎಂದು ಕೇಳಿ ಕುಳಿತರು. ಇಟ್ಟಿಗೆ ಗೂಡಿನ ಕೆಲಸಗಾರರು ಮಳೆಗಾಲ ಮುಗಿದೊಡನೆ ಬೇರೆ ಸೀಮೆಯಿಂದ ಬರುವವರು. ಮತ್ತೆ ಮಳೆ ಬೀಳುವುದರೊಳಗೆ ಹೊರಡುವವರು. ಅವರ ಹೆಸರು ನಮ್ಮ ಊರಿನ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಮನೆಮನೆಗೆ ಹೋಗಿ ಹನಿ ಹಾಕುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ವಿಚಾರಿಸೋಣ ಎಂದು ಅಧ್ಯಕ್ಷರು ಹೇಳಿದರು, ಉಪ್ಪಿಟ್ಟು ಬಂದಿತು.

ಮುಂದಿನ ಗುರುವಾರ ಅವರು ಮತ್ತೆ ಎದ್ದರು, ಅದೇ ಪ್ರಶ್ನೆ. ಅದರ ಮುಂದಿನ ಗುರುವಾರವೂ ಅದೇ. ನಾಲ್ಕನೆಯ ವಾರ ಸಾರ್ಜೆಂಟರು ತಮಾಷೆಗೆ, ಕೇಳಿದ್ದನ್ನೇ ಕೇಳಿದುದಕ್ಕಾಗಿ ಎರಡು ರೂಪಾಯಿ ದಂಡ ವಿಧಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಎರಡು ರೂಪಾಯಿಯನ್ನು ಡಬ್ಬಿಗೆ ಹಾಕಿ, ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ ಕುಳಿತರು. ಆ ಸಂಜೆ ಉಪ್ಪಿಟ್ಟು ಯಾರಿಗೂ ರುಚಿಸಲಿಲ್ಲ. ವೈದ್ಯರು ಮರುದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾತನಾಡಿದರು. ಎರಡನೆಯ ಸುತ್ತಿನ ಭಾನುವಾರ, ಸೈಕಲ್ ಅಂಗಡಿಯವರು ದಾರಿ ತೋರಿಸುತ್ತಿರಲು, ನಾವು ಆರು ಜನ ಸಹಾಯಕಿಯೊಡನೆ ಕೆರೆ ಏರಿಯನ್ನು ದಾಟಿ ಹೋದೆವು.

ಸೋಗೆ ಹೊದಿಸಿದ ಗುಡಿಸಲುಗಳು ಹದಿನಾಲ್ಕೋ ಹದಿನೈದೋ ಇದ್ದುವು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸಿಕ್ಕರು. ಅವರಲ್ಲಿ ಒಬ್ಬರ ಬೆರಳಿನ ಮೇಲೂ ಗುರುತಿರಲಿಲ್ಲ. ಸಾಲಿನ ಕೊನೆಯಲ್ಲಿ ಹತ್ತು ವರ್ಷದ ಒಬ್ಬ ಹುಡುಗಿ ಎಳೆಯ ತಂಗಿಯನ್ನು ಸೊಂಟದ ಮೇಲಿರಿಸಿಕೊಂಡು ಬಂದಳು. ಹೆಜ್ಜೆಗೊಮ್ಮೆ ಅವಳ ಮೈ ಒಂದು ಕಡೆಗೆ ವಾಲುತ್ತಿತ್ತು; ಬಲಗಾಲು ಒಣಗಿದ ಕೋಲಿನಂತಿತ್ತು. ತಂಗಿಗೆ ಹನಿ ಬಿದ್ದ ಮೇಲೆ, ಹಿಂದೆ ನಿಂತಿದ್ದ ತಾಯಿ, "ಇವಳಿಗೂ ಎರಡು ತೊಟ್ಟು ಹಾಕಿ" ಎಂದಳು. ಸಹಾಯಕಿ ನಮ್ಮ ವೈದ್ಯರ ಮುಖವನ್ನು ನೋಡಿದಳು. ಪೋಲಿಯೊ ವಿಷಯವಾಗಿ ನಮ್ಮ ಸಭೆಯಲ್ಲಿ ಮೂರು ಸಲ ಭಾಷಣ ಮಾಡಿದ್ದ ವೈದ್ಯರಿಗೆ ಮಾತು ಹೊರಡಲಿಲ್ಲ. ಕೊನೆಗೆ, "ಐದು ವರ್ಷ ದಾಟಿದವರಿಗೆ ಇಲ್ಲಮ್ಮ" ಎಂದು ಹೇಳಿ ಕೆರೆಯ ಕಡೆ ತಿರುಗಿಕೊಂಡರು. ಹುಡುಗಿ ತನ್ನ ಕಿರುಬೆರಳನ್ನು ಚಾಚಿದಳು. ಸಹಾಯಕಿ ಅದಕ್ಕೂ ಶಾಯಿಯ ಗುರುತನ್ನು ಹಾಕಿದಳು.

ಆ ಹುಡುಗಿಗೆ ರೋಗ ತಗುಲಿದುದು ನಮ್ಮ ಊರಿನಲ್ಲಲ್ಲ, ನಮ್ಮಿಂದಲೂ ಅಲ್ಲ. ಆದರೆ ಅವಳು ಎಳೆಯಳಾಗಿದ್ದಾಗ ಯಾವುದೋ ಊರಿನಲ್ಲಿ, ಯಾರೋ ನನ್ನಂಥವನೊಬ್ಬ, ತನ್ನ ಪುಸ್ತಕದಲ್ಲಿ ಒಂದು ಮಗುವೂ ಬಿಟ್ಟುಹೋಗಲಿಲ್ಲವೆಂದು ದುಂಡಗಿನ ಅಕ್ಷರದಲ್ಲಿ ಬರೆದಿರಬೇಕು. 'ಇದು ಸತ್ಯವೆ?' ಎಂಬ ಪ್ರಶ್ನೆಯನ್ನು ನಾನು ಹನ್ನೊಂದು ವರ್ಷ, ವಾರಕ್ಕೊಮ್ಮೆ, ಎದ್ದು ನಿಂತು ಹೇಳಿದ್ದೆ. ಹೇಳಿದುದನ್ನು ಕೇಳಿಸಿಕೊಂಡುದು ಅಂದು.

ಆ ವಾರದ ಪತ್ರಿಕೆಯಲ್ಲಿ ಹಿಂದಿನ ವರದಿ ತಪ್ಪೆಂದು ಬರೆದೆ. ಬಿಟ್ಟುಹೋಗಿದ್ದ ಮಕ್ಕಳ ಸಂಖ್ಯೆಯನ್ನು ಕೊಟ್ಟೆ. ಅಂಥ ತಿದ್ದುಪಡಿ ಪತ್ರಿಕೆಯ ಇತಿಹಾಸದಲ್ಲಿಯೇ ಮೊದಲನೆಯದು. ಸಾರ್ಜೆಂಟರು ನನಗೆ ಐದು ರೂಪಾಯಿ ದಂಡ ಹಾಕಿದರು; ಸೈಕಲ್ ಅಂಗಡಿಯವರಿಗೆ ಅವರ ಎರಡು ರೂಪಾಯಿಯನ್ನು ಹಿಂದಕ್ಕೆ ಕೊಟ್ಟರು. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಆ ಬಳಿಕ 'ಯಶಸ್ವಿ' ಎಂಬ ಶಬ್ದವನ್ನು ನಾನು ಬಹಳ ಎಚ್ಚರದಿಂದ ಬಳಸತೊಡಗಿದೆ. ಕಣ್ಣಿನ ಶಿಬಿರ ನಡೆದರೆ ಎಷ್ಟು ಜನರಿಗೆ ಶಸ್ತ್ರಚಿಕಿತ್ಸೆಯಾಯಿತೆಂಬುದರ ಜೊತೆಗೆ, ಹೆಸರು ಬರೆಸಿ ಬಾರದೆ ಹೋದವರು ಎಷ್ಟೆಂಬುದನ್ನೂ ಬರೆದೆ. ಏಕೆ ಬರಲಿಲ್ಲವೆಂದು ಯಾರಾದರೂ ಕೇಳುತ್ತಿದ್ದರು. ಹೆಚ್ಚಾಗಿ ಬಸ್ಸಿನ ಹಣವೋ, ಕರೆತರುವವರಿಲ್ಲದುದೋ ಕಾರಣವಾಗಿರುತ್ತಿತ್ತು. ಮುಂದಿನ ಶಿಬಿರಕ್ಕೆ ಒಂದು ವ್ಯಾನು ಗೊತ್ತಾಯಿತು.

ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ನಮ್ಮ ದೇಶಕ್ಕೆ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಆ ಗುರುವಾರವೇ ನಮ್ಮ ಸಭೆಯಿದ್ದಿತು. ಸಿಹಿ ಹಂಚಿದರು. ಸೈಕಲ್ ಅಂಗಡಿಯವರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಕುರ್ಚಿಯಲ್ಲಿ ಈಗಿನ ತಲೆಮಾರಿನ ವೈದ್ಯೆಯೊಬ್ಬರು ಕುಳಿತಿದ್ದರು. ಮುಂದೆ ಅವರೇ ನಮ್ಮ ಸಂಘದ ಮೊದಲ ಮಹಿಳಾ ಅಧ್ಯಕ್ಷೆಯಾದರು.

2016ರಲ್ಲಿ ರೋಟರಿಯ ನಿಯಮ ಸಡಿಲವಾಯಿತು. ವಾರವಾರವೂ ಸೇರಲೇಬೇಕೆಂದಿಲ್ಲ, ತಿಂಗಳಿಗೆ ಎರಡು ಸಭೆಗಳಾದರೂ ಸಾಕು. ನಮ್ಮ ಕಿರಿಯ ಸದಸ್ಯರು ಇದನ್ನು ಸ್ವಾಗತಿಸಿದರು. ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಅವರಿಗೆ ದೂರದ ಊರಿನಲ್ಲಿ ಕೆಲಸ, ಮಕ್ಕಳ ಪಾಠ, ಸಂಸಾರ. ವರದಿಗಳು ಮೊಬೈಲಿನಲ್ಲಿ ಆ ಕ್ಷಣವೇ ಬರುತ್ತವೆ, ಚಿತ್ರಗಳ ಸಮೇತ. ಉಪ್ಪಿಟ್ಟಿಗೂ ಭಾಷಣಕ್ಕೂ ವ್ಯಯವಾಗುವ ಹೊತ್ತನ್ನು ಕೆಲಸಕ್ಕೆ ಕೊಟ್ಟರೆ ಲೇಸಲ್ಲವೆ ಎಂದು ಅವರು ಕೇಳಿದಾಗ ನಾನು ಎದುರಾಡಲಿಲ್ಲ. ಈಗ ನಮ್ಮ ಸಭೆ ತಿಂಗಳಿನ ಮೊದಲ ಮತ್ತು ಮೂರನೆಯ ಗುರುವಾರ.

ಆದರೂ ಒಂದು ಮಾತನ್ನು ಹೇಳಬೇಕು. ರೋಟರಿಯ ಲಾಂಛನವಾದ ಹಲ್ಲುಚಕ್ರದ ನಡುವೆ, ಬೆಣೆ ಕೂರುವುದಕ್ಕೆ ಒಂದು ಸಣ್ಣ ಸಂದಿದೆ. ಮೊದಲು ಅದು ಇರಲಿಲ್ಲ. ಬೆಣೆಯಿಲ್ಲದ ಚಕ್ರ ತಾನು ತಿರುಗುವುದೇ ಹೊರತು ದಂಡವನ್ನು ತಿರುಗಿಸದೆಂದು ಯಂತ್ರ ಬಲ್ಲವರು ಆಕ್ಷೇಪಿಸಿದುದರಿಂದ 1920ರ ದಶಕದಲ್ಲಿ ಅದನ್ನು ಸೇರಿಸಿದರು. ಇದನ್ನು ನಾನು ಒಮ್ಮೆ ವಾರಪತ್ರಿಕೆಯಲ್ಲಿ ಬರೆದಾಗ ಸೈಕಲ್ ಅಂಗಡಿಯವರು, "ಪೆಡಲಿಗೂ ಹಾಗೆಯೇ, ಮೇಷ್ಟ್ರೆ, ಪಿನ್ನು ಬಿದ್ದರೆ ಎಷ್ಟು ತುಳಿದರೂ ಗಾಡಿ ಹೋಗದು" ಎಂದಿದ್ದರು.

ನಮ್ಮ ಸಭೆಗಳಲ್ಲಿ ಬಹುಪಾಲು ಬರಿಯ ತುಳಿತವೇ ಆಗಿತ್ತೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ ನಾಲ್ಕು ಸಲ ಏಳಬೇಕಾದರೆ ನಾಲ್ಕು ಗುರುವಾರ ಬೇಕು. ಕೇಳಿದವನ ಮುಖವನ್ನು ಮತ್ತೆ ಮತ್ತೆ ನೋಡಬೇಕಾದ ಸಂಕಟ ಬೇಕು. ಮೊಬೈಲಿನಲ್ಲಿ ಬಂದ ಪ್ರಶ್ನೆಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿಬಿಡಬಹುದು. ಎದುರಿಗೆ ನಿಂತವರನ್ನು ಹಾಗೆ ತಳ್ಳಲಾಗದು. ಸಭೆಯಿಂದ ಏನು ತರುತ್ತೀರಿ ಎಂದು ಹೆಂಡತಿ ಕೇಳಿದುದಕ್ಕೆ ನನ್ನಲ್ಲಿರುವ ಉತ್ತರ ಇಷ್ಟೆ. ಇದನ್ನು ಮೊನ್ನೆ ಆಕೆಗೆ ಓದಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗಿ ಈಗ ಎಲ್ಲಿರಬಹುದು?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇಟ್ಟಿಗೆ ಗೂಡು ಈಗಲೂ ಇದೆ. ಈ ವರ್ಷವೂ ಜನ ಬಂದಿದ್ದಾರೆ. ಮೂರನೆಯ ಗುರುವಾರ ಎದ್ದು ನಿಂತು ಅವರ ಮಕ್ಕಳ ವಿಷಯವನ್ನು ಕೇಳಬೇಕೆಂದಿದ್ದೇನೆ.