ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ನೆಟ್ ಏಳದಿದ್ದಾಗ ಎಲ್ಲಿಂದ ಹುಡುಕಬೇಕು

ಲಿನಕ್ಸ್ ಇರುವ ಲ್ಯಾಪ್‌ಟಾಪ್ ಆನ್ ಮಾಡಿದಾಗ ವೈಫೈ ಗುರುತೇ ಕಾಣಿಸದಿದ್ದರೆ ಬಹಳಷ್ಟು ಜನ ಮೊದಲು ರೀಸ್ಟಾರ್ಟ್ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಎಲ್ಲೋ ಸಿಕ್ಕ ನಾಲ್ಕಾರು ಕಮಾಂಡ್‌ಗಳನ್ನು ಒಂದರ ಹಿಂದೊಂದು ಹೊಡೆದು ನೋಡುತ್ತಾರೆ. ಕೊನೆಗೆ ಎಲ್ಲವನ್ನೂ ಅಳಿಸಿ ಲಿನಕ್ಸನ್ನು ಹೊಸದಾಗಿ ಹಾಕಿಕೊಳ್ಳುತ್ತಾರೆ. ಇದರಿಂದ ಕೆಲವು ಸಲ ನೆಟ್ ಬರುವುದೂ ಉಂಟು. ಆದರೆ ದೋಷ ಎಲ್ಲಿತ್ತೆಂಬುದು ತಿಳಿಯದೇ ಉಳಿಯುತ್ತದೆ, ತಿಳಿಯದ ದೋಷ ಮತ್ತೆ ಬರುತ್ತದೆ. ಪವರ್ ಬಟನ್ ಒತ್ತಿದ ಕ್ಷಣದಿಂದ ಬ್ರೌಸರಿನಲ್ಲಿ ಪುಟ ತೆರೆಯುವವರೆಗೆ ಹಲವು ತಂತ್ರಾಂಶಗಳು ಸರದಿಯಲ್ಲಿ ಕೆಲಸ ಮಾಡಬೇಕು. ಹಿಂದಿನದು ಮುಗಿಯದೆ ಮುಂದಿನದು ನಡೆಯದು. ಈ ಸರದಿಯಲ್ಲಿ ಯಾರು ಕೈಕೊಟ್ಟರೂ ಪರದೆಯ ಮೇಲೆ ಕಾಣುವುದು ಒಂದೇ: ‘ನೆಟ್ ಇಲ್ಲ’. ಆದ್ದರಿಂದ ನೆಟ್ ಏಳದ ಸಮಸ್ಯೆಯನ್ನು ಬಗೆಹರಿಸುವುದೆಂದರೆ ಆ ಸರದಿಯಲ್ಲಿ ಎಲ್ಲಕ್ಕಿಂತ ಮೊದಲು ನಿಂತುಹೋದ ಹಂತ ಯಾವುದೆಂದು ಗುರುತಿಸುವುದು. ಅದಕ್ಕಿಂತ ಮುಂದಿನ ಹಂತಗಳನ್ನು ಎಷ್ಟು ತಿದ್ದಿದರೂ ವ್ಯರ್ಥ.

ಮೊದಲ ಹಂತ ಲಿನಕ್ಸಿನ ತಿರುಳಾದ ಕರ್ನಲ್‌ನದು. ಯಂತ್ರದೊಳಗಿನ ಪ್ರತಿಯೊಂದು ಪಿಸಿಐ ಸಾಧನಕ್ಕೂ ತಯಾರಕರದೊಂದು, ಮಾದರಿಯದೊಂದು ಎಂದು ಎರಡು ಸಂಖ್ಯೆಗಳಿರುತ್ತವೆ. ಕರ್ನಲ್ ಅವನ್ನು ಓದಿ, ಆ ಜೋಡಿಗೆ ಹೊಂದುವ ಡ್ರೈವರ್ ಹುಡುಕಿ ತರುತ್ತದೆ. ‘ಎಲ್‌ಎಸ್‌ಪಿಸಿಐ’ ಎಂಬ ಕಮಾಂಡಿಗೆ ‘ಕೆ’ ಆಯ್ಕೆ ಸೇರಿಸಿ ಕೇಳಿದರೆ ಯಾವ ಕಾರ್ಡಿಗೆ ಯಾವ ಡ್ರೈವರ್ ಅಂಟಿದೆ ಎಂಬುದನ್ನು ತೋರಿಸುತ್ತದೆ. ಡ್ರೈವರ್ ಸಿಕ್ಕ ಮಾತ್ರಕ್ಕೆ ವೈಫೈ ಎದ್ದಿತೆಂದು ತಿಳಿಯಬಾರದು. ಇಂದಿನ ವೈಫೈ ಚಿಪ್ ತಾನೇ ಒಂದು ಪುಟ್ಟ ಕಂಪ್ಯೂಟರ್. ಅದರೊಳಗೆ ಓಡಬೇಕಾದ ಫರ್ಮ್‌ವೇರನ್ನು ಡಿಸ್ಕಿನಿಂದ ತಂದು ತುಂಬಬೇಕು. ಇಂಟೆಲ್ ಕಾರ್ಡುಗಳ ‘ಐಡಬ್ಲ್ಯುಎಲ್‌ವೈಫೈ’ ಡ್ರೈವರ್ ಮಾಡುವುದು ಇದನ್ನೇ. ಫೈಲ್ ಸಿಗದಿದ್ದರೆ ಕರ್ನಲ್ ಲಾಗಿನಲ್ಲಿ ಆ ಫೈಲಿನ ಹೆಸರು ಹೇಳಿ ‘ಸಿಗಲಿಲ್ಲ’ ಎಂದು ಬರೆಯುತ್ತದೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಹಾಕಿಕೊಂಡವರು ಈ ತೊಂದರೆಯನ್ನು ವರ್ಷಗಟ್ಟಲೆ ಅನುಭವಿಸಿದರು. ಈ ಫರ್ಮ್‌ವೇರ್‌ಗಳು ಮುಕ್ತ ತಂತ್ರಾಂಶವಲ್ಲವೆಂಬ ತತ್ವದ ಕಾರಣಕ್ಕೆ ಅಧಿಕೃತ ಇನ್‌ಸ್ಟಾಲರ್ ಅವನ್ನು ಒಳಗೊಂಡಿರಲಿಲ್ಲ. 2022ರಲ್ಲಿ ಡೆಬಿಯನ್ ಬಳಗ ಮತ ಹಾಕಿ ನಿಲುವು ಬದಲಿಸಿತು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಅವು ಇನ್‌ಸ್ಟಾಲರಿನಲ್ಲೇ ಇವೆ. ತತ್ವದ ಪ್ರಶ್ನೆ ದೊಡ್ಡದೇ. ಆದರೂ ವೈಫೈ ಎಬ್ಬಿಸುವ ಫೈಲನ್ನು ಇಳಿಸಿಕೊಳ್ಳಲು ವೈಫೈಯೇ ಬೇಕಾಗುವ ಸ್ಥಿತಿ ಹೊಸಬರನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸುತ್ತಿತ್ತು. ಬದಲಾವಣೆ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯ.

ಇದೇ ಹಂತದಲ್ಲಿ ಇನ್ನೆರಡು ಅಡ್ಡಿಗಳುಂಟು. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿಯಿಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಬ್ರಾಡ್‌ಕಾಮ್ ಕಾರ್ಡುಗಳಿಗೆ ಪ್ರತ್ಯೇಕವಾಗಿ ಹಾಕಿಕೊಳ್ಳುವ ಡ್ರೈವರ್ ಹೀಗೆ ಸಿಕ್ಕಿಬೀಳುವುದುಂಟು. ಇನ್ನೊಂದು ‘ಆರ್‌ಎಫ್‌ಕಿಲ್’, ಅಂದರೆ ರೇಡಿಯೋವನ್ನೇ ಬಾಯಿ ಮುಚ್ಚಿಸುವ ವ್ಯವಸ್ಥೆ. ಇದರಲ್ಲಿ ಎರಡು ಬಗೆ: ತಂತ್ರಾಂಶ ಹಾಕಿದ ತಡೆ, ಲ್ಯಾಪ್‌ಟಾಪಿನ ಸ್ವಿಚ್ ಅಥವಾ ಬಯೋಸ್ ಹಾಕಿದ ತಡೆ. ಎರಡನೆಯದನ್ನು ಯಾವ ಕಮಾಂಡಿನಿಂದಲೂ ತೆಗೆಯಲಾಗದು, ಸ್ವಿಚ್ಚಿಗೋ ಬಯೋಸಿಗೋ ಕೈಹಾಕಬೇಕು. ಮೊದಲನೆಯದನ್ನು, ಬೂಟ್ ಆಗುವಾಗ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ನೆನಪಿಟ್ಟುಕೊಂಡು ಮುಂದಿನ ಸಲ ಆನ್ ಮಾಡಿದಾಗ ಹಾಗೆಯೇ ಮರಳಿ ಹಾಕುತ್ತದೆ. ನಿನ್ನೆ ಅರಿಯದೆ ಒತ್ತಿದ ಏರೋಪ್ಲೇನ್ ಮೋಡ್ ಇಂದು ಹತ್ತು ಸಲ ರೀಸ್ಟಾರ್ಟ್ ಮಾಡಿದರೂ ಹೋಗದಿರುವುದು ಇದರಿಂದಲೇ.

ಸಾಧನ ಎದ್ದ ಮೇಲೆ ಅದಕ್ಕೊಂದು ಹೆಸರು ಬೇಕು. ಹಿಂದೆ ಕರ್ನಲ್ ಕಂಡ ಕ್ರಮದಲ್ಲೇ ‘ಈಥ್0’, ‘ಈಥ್1’ ಎಂದು ಹೆಸರಿಡುತ್ತಿತ್ತು. ಡ್ರೈವರ್‌ಗಳು ಏಕಕಾಲಕ್ಕೆ ಏಳುವ ಯಂತ್ರದಲ್ಲಿ ಯಾರು ಮೊದಲು ಎಂಬುದು ಪ್ರತಿ ಬೂಟಿಗೂ ಬದಲಾಗಬಹುದು. ಎರಡು ಕಾರ್ಡುಗಳಿದ್ದರೆ ಇಂದಿನ ‘ಈಥ್0’ ನಾಳೆ ‘ಈಥ್1’ ಆಗಿ, ಒಂದಕ್ಕೆಂದು ಬರೆದ ಸೆಟ್ಟಿಂಗ್ ಇನ್ನೊಂದಕ್ಕೆ ಹೋಗಿ ಕೂರುತ್ತಿತ್ತು. ಇದನ್ನು ತಪ್ಪಿಸಲೆಂದು 2013ರ ಜನವರಿಯಲ್ಲಿ ಬಂದ ಸಿಸ್ಟಮ್‌ಡಿ 197ನೇ ಆವೃತ್ತಿ ಸಾಧನ ಕೂತ ಜಾಗದಿಂದಲೇ ಹೆಸರು ಕಟ್ಟತೊಡಗಿತು. ‘ಡಬ್ಲ್ಯುಎಲ್‌ಪಿ2ಎಸ್0’ ಎಂದರೆ ಎರಡನೇ ಪಿಸಿಐ ಬಸ್ಸಿನ ಸೊನ್ನೆಯ ಸ್ಲಾಟಿನಲ್ಲಿರುವ ವೈಫೈ. ಇದಕ್ಕೆ ಬರುವ ಆಕ್ಷೇಪಣೆ ನ್ಯಾಯವಾದದ್ದು: ಹೊಸ ಎಸ್‌ಎಸ್‌ಡಿ ಹಾಕಿದಾಗ ಬಸ್ ಸಂಖ್ಯೆ ಸರಿದು ‘ಇಎನ್‌ಪಿ3ಎಸ್0’ ಹೋಗಿ ‘ಇಎನ್‌ಪಿ4ಎಸ್0’ ಆಗಬಹುದು, ಆಗ ಸೆಟ್ಟಿಂಗ್ ಫೈಲಿನಲ್ಲಿರುವ ಹೆಸರು ಯಾರದ್ದೂ ಅಲ್ಲದಾಗುತ್ತದೆ. ಆದರೂ ಹೊಸ ಪದ್ಧತಿಯೇ ಮೇಲು ಎನ್ನಲು ಕಾರಣವಿದೆ. ಹಳೆಯ ಪದ್ಧತಿಯಲ್ಲಿ ನಾವು ಏನನ್ನೂ ಮುಟ್ಟದಿದ್ದರೂ ಹೆಸರು ಬದಲಾಗುತ್ತಿತ್ತು. ಹೊಸದರಲ್ಲಿ ಸಾಮಾನ್ಯವಾಗಿ ಯಂತ್ರದೊಳಗೆ ಏನಾದರೂ ಬದಲಾದಾಗ ಬದಲಾಗುತ್ತದೆ. ಕಾರಣ ಇರುವ ಬದಲಾವಣೆಯನ್ನು ಹಿಡಿಯಬಹುದು, ಕಾಲದ ಪೈಪೋಟಿಯಿಂದ ಆದದ್ದನ್ನು ಹಿಡಿಯುವುದು ಬಲು ಕಷ್ಟ.

ಹೆಸರು ಸಿಕ್ಕ ಇಂಟರ್‌ಫೇಸನ್ನು ಯಾರು ನೋಡಿಕೊಳ್ಳಬೇಕು? ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿ. ಡೆಸ್ಕ್‌ಟಾಪಿನಲ್ಲಿ ನೆಟ್‌ವರ್ಕ್ ಮ್ಯಾನೇಜರ್, ಡೆಬಿಯನ್ ಪರಂಪರೆಯಲ್ಲಿ ‘ಇಂಟರ್‌ಫೇಸಸ್’ ಫೈಲನ್ನು ಓದುವ ಇಫ್‌ಅಪ್‌ಡೌನ್, ಸಿಸ್ಟಮ್‌ಡಿಯ ತನ್ನದೇ ನೆಟ್‌ವರ್ಕ್‌ಡಿ, ಹೀಗೆ ಒಂದೇ ಕೆಲಸಕ್ಕೆ ಮೂವರಿದ್ದಾರೆ. ಡೆಬಿಯನ್‌ನಲ್ಲಿ ಆ ಫೈಲಿನೊಳಗೆ ಯಾವುದಾದರೂ ಇಂಟರ್‌ಫೇಸಿನ ಹೆಸರಿದ್ದರೆ ನೆಟ್‌ವರ್ಕ್ ಮ್ಯಾನೇಜರ್ ‘ಇದು ನನ್ನದಲ್ಲ’ ಎಂದು ದೂರ ನಿಲ್ಲುತ್ತದೆ. ಹಳೆಯ ಸೂಚನೆಯೊಂದನ್ನು ನಂಬಿ ಅಲ್ಲಿ ಎರಡು ಸಾಲು ಸೇರಿಸಿದವರಿಗೆ ಕಾರ್ಡ್ ಚೆನ್ನಾಗಿಯೇ ಇದ್ದರೂ ಮೆನುವಿನಲ್ಲಿ ವೈಫೈ ಕಾಣದಂತಾಗುತ್ತದೆ. ಬೂಟ್ ಆಗುವಾಗಲೇ ಯಂತ್ರ ಸುಮ್ಮನೆ ಕಾಯುತ್ತ ನಿಲ್ಲುವುದಕ್ಕೂ ಬೇರು ಇಲ್ಲೇ. ಆ ಫೈಲಿನಲ್ಲಿ ‘ಆಟೊ’ ಎಂದು ಬರೆದರೆ ಬೂಟ್ ಆಗುವಾಗಲೇ ಆ ಇಂಟರ್‌ಫೇಸನ್ನು ಎಬ್ಬಿಸಿಯೇ ಮುಂದೆ ಹೋಗು ಎಂದರ್ಥ. ಕೇಬಲ್ ಚುಚ್ಚಿಲ್ಲದ ಲ್ಯಾಪ್‌ಟಾಪ್‌ನಲ್ಲಿ ಅದು ಏಳುವುದು ಹೇಗೆ? ಉಬುಂಟು 16.04ರಲ್ಲಿ ಈ ಕಾಯುವಿಕೆ ಐದು ನಿಮಿಷದವರೆಗೆ ಎಳೆಯುತ್ತಿತ್ತು. ನೆಟ್‌ವರ್ಕ್‌ಡಿಯ ಕಾಯುವ ಸೇವೆಗೆ ಇರುವ ಸಹಜ ಮಿತಿ 120 ಸೆಕೆಂಡು. ‘ಆಟೊ’ ಬದಲು ‘ಅಲೌ-ಹಾಟ್‌ಪ್ಲಗ್’ ಎಂದು ಬರೆದರೆ ಸಾಧನ ಕಾಣಿಸಿಕೊಂಡಾಗ ಮಾತ್ರ ಅದನ್ನು ಎಬ್ಬಿಸುವ ಕೆಲಸ ಶುರುವಾಗುತ್ತದೆ, ಬೂಟ್ ಅದಕ್ಕಾಗಿ ನಿಲ್ಲುವುದಿಲ್ಲ. ಸರ್ವರ್‌ಗೆ ಹೊಂದುವ ಕಟ್ಟುನಿಟ್ಟು ಚೀಲದಲ್ಲಿಟ್ಟುಕೊಂಡು ತಿರುಗುವ ಯಂತ್ರಕ್ಕೆ ಹೊಂದುವುದಿಲ್ಲ.

ಉಳಿದ ಹಂತಗಳು ಇಷ್ಟು ಗೋಜಲಲ್ಲ. ‘ಐಪಿ ಲಿಂಕ್’ ಕಮಾಂಡ್ ‘ನೋ ಕ್ಯಾರಿಯರ್’ ಎಂದರೆ ಕೇಬಲ್ಲೋ ವೈಫೈ ಕೊಂಡಿಯೋ ಕೂಡಿಲ್ಲ. ಕೊಂಡಿ ಕೂಡಿ ವಿಳಾಸ ಬಂದಿಲ್ಲದಿದ್ದರೆ, ಅಥವಾ 169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ, ರೂಟರಿನ ಡಿಎಚ್‌ಸಿಪಿ ಉತ್ತರ ಕೊಟ್ಟಿಲ್ಲ. ಸಂಖ್ಯೆಯ ವಿಳಾಸಕ್ಕೆ ಪಿಂಗ್ ಮುಟ್ಟಿ, ಹೆಸರಿನ ವಿಳಾಸಕ್ಕೆ ಮುಟ್ಟದಿದ್ದರೆ ತೊಂದರೆ ಡಿಎನ್‌ಎಸ್‌ನದು. ಅಲ್ಲಿಗೆ ಬಂದವರು ಡ್ರೈವರನ್ನು ಮುಟ್ಟಲೇಬಾರದು.

ಇಷ್ಟೆಲ್ಲ ಏಕೆ, ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದಲ್ಲ ಎನ್ನುವವರಿದ್ದಾರೆ. ಸರಿಹೋಗುತ್ತದೆ ನಿಜ, ಆದರೆ ಏಕೆ ಎಂದು ಕೇಳಬೇಕು. ಡ್ರೈವರ್ ಏಳುವ ಮೊದಲೇ ಇಂಟರ್‌ಫೇಸನ್ನು ಕರೆದ ಸೇವೆಯೊಂದು ಎರಡನೇ ಸಲ ಸ್ವಲ್ಪ ತಡವಾಗಿ ಕರೆದಿರಬಹುದು. ಅದು ಕಾಲದ ಅದೃಷ್ಟ, ದೋಷ ಅಲ್ಲೇ ಇದೆ. ಇನ್ನು ಕೆಲವು ಸಲ ಬರಿಯ ರೀಸ್ಟಾರ್ಟ್ ಕಾರ್ಡಿಗೆ ಹೋಗುವ ವಿದ್ಯುತ್ತನ್ನು ಕಡಿಯುವುದಿಲ್ಲ, ಚಿಪ್ ಕೆಟ್ಟ ಸ್ಥಿತಿಯಲ್ಲೇ ಉಳಿಯುತ್ತದೆ. ವಿಂಡೋಸ್‌ನೊಂದಿಗೆ ಒಂದೇ ಯಂತ್ರದಲ್ಲಿ ಲಿನಕ್ಸ್ ಇಟ್ಟುಕೊಂಡವರಿಗೆ ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಇಂಥದೇ ತೊಂದರೆ ಕೊಡಬಲ್ಲದು. ಆಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಗೆ ಜಾರುವುದರಿಂದ ವೈಫೈ ಕಾರ್ಡ್ ಲಿನಕ್ಸ್ ಕೈಗೆ ಸರಿಯಾಗಿ ಸಿಗದೆ ಹೋಗಬಹುದು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದು ವಿಂಡೋಸ್ ಒಳಗೆ ಹೋಗಿ ಮಾಡಬೇಕಾದ ಕೆಲಸ. ಲಿನಕ್ಸನ್ನು ಎಷ್ಟು ಸಲ ಮರುಸ್ಥಾಪಿಸಿದರೂ ಆಗದು. ವಿಂಡೋಸ್‌ನಲ್ಲಿ ಇಂಥ ರಗಳೆಯೇ ಇಲ್ಲ ಎಂಬ ಮಾತೂ ಕೇಳಿಬರುತ್ತದೆ. ಕಾರ್ಖಾನೆಯಲ್ಲೇ ಆ ಯಂತ್ರಕ್ಕೆಂದು ಡ್ರೈವರ್ ಹೊಂದಿಸಿ ಕೊಟ್ಟಾಗ ರಗಳೆ ಇರುವುದಿಲ್ಲ. ಲಿನಕ್ಸ್ ಹಾಕಿಯೇ ಮಾರುವ ಲ್ಯಾಪ್‌ಟಾಪುಗಳಿಗೂ ಅದೇ ಅನುಕೂಲ ಇದೆ.

ಲಾಗ್ ಇರುವುದು ಇಂಗ್ಲಿಷಿನಲ್ಲಿ, ಸಾವಿರಾರು ಸಾಲು, ಸಾಮಾನ್ಯರು ಓದುವುದು ಹೇಗೆ ಎಂಬ ಆಕ್ಷೇಪ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಎಲ್ಲ ಸಾಲುಗಳನ್ನೂ ಓದುವ ಅಗತ್ಯವಿಲ್ಲ. ಡ್ರೈವರಿನ ಹೆಸರು ಗೊತ್ತಾದ ಮೇಲೆ ಲಾಗಿನಲ್ಲಿ ಆ ಹೆಸರಿರುವ ಸಾಲುಗಳನ್ನಷ್ಟೇ ಹುಡುಕಿದರೆ ಸಾಲದಿರುವುದು ಅಪರೂಪ, ಅವು ಬೆರಳೆಣಿಕೆಯಷ್ಟಿರುತ್ತವೆ. ತಾನೇ ಓದಲಾಗದವರು ತಿಳಿದವರ ಕೈಗೆ ಕೊಡಬಹುದು. ಕೊಡಲು ಲಾಗ್ ಉಳಿದಿರಬೇಕು, ಅಷ್ಟೆ. ಸಿಸ್ಟಮ್‌ಡಿಯ ಜರ್ನಲ್ ಹಲವು ಆವೃತ್ತಿಗಳ ಸಹಜ ಸೆಟ್ಟಿಂಗಿನಲ್ಲಿ ಡಿಸ್ಕಿನ ಮೇಲೆ ‘ವಾರ್’ ಫೋಲ್ಡರಿನ ‘ಲಾಗ್’ ಒಳಗೆ ‘ಜರ್ನಲ್’ ಎಂಬ ಫೋಲ್ಡರ್ ಇದ್ದರೆ ಮಾತ್ರ ಹಿಂದಿನ ಬೂಟ್‌ಗಳ ದಾಖಲೆಯನ್ನು ಉಳಿಸುತ್ತದೆ. ಇಲ್ಲದಿದ್ದರೆ ಅದು ಮೆಮೊರಿಯಲ್ಲಿದ್ದು, ರೀಸ್ಟಾರ್ಟ್ ಒತ್ತಿದೊಡನೆ ಅಳಿಸಿಹೋಗುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಫೋಲ್ಡರ್ ಇದೆಯೇ ಎಂದು ನೆಟ್ ಚೆನ್ನಾಗಿರುವ ಇಂದೇ ನೋಡಿ, ಇಲ್ಲದಿದ್ದರೆ ಮಾಡಿಟ್ಟುಕೊಳ್ಳಿ.